ಪಟದ ಬೆನ್ನಿಗಿದ್ದ ನಾಲ್ಕು ಸಾಲು

ಅಕ್ಕಾ, ಅವ್ವ ಅಂದು ಬಳ್ಳಾರಿಗೆ ಬಾರದೇ ಹೋದದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ನೀನು ಕಳಿಸಿದ ನಿನ್ನ ಪಟದ ಬೆನ್ನಿಗೆ ಬರೆದದ್ದನ್ನು ನಾನು ಅವಳಿಗೆ ಓದಿ ಹೇಳಲೇ ಇಲ್ಲ. ಅವ್ವ ತೀರಿಕೊಂಡ ಸುದ್ದಿ ತಿಳಿದು ನೀನು ಹಾಕಿದ ಕಾಗದ ಮೊನ್ನೆ ಬಂತು. 'ಕೊನೆಗೂ ಅವಳು ನನ್ನನ್ನು ಕ್ಷಮಿಸಲಿಲ್ಲ' ಎಂದಿದ್ದೀ. ಅದನ್ನು ಓದಿ ಅಳು ಬರುತ್ತದೆ ಅಂದುಕೊಂಡೆ — ಬರಲಿಲ್ಲ. ಅಂಗಡಿ ತೆರೆದು ಕೂತೆ.

ನೀನು ನಾಟಕ ಕಂಪನಿಯವರ ಜೊತೆ ಹೋದ ವರ್ಷವೇ ಅಪ್ಪ ನಿನ್ನ ಹೆಸರಿಗೆ ಎಳ್ಳುನೀರು ಬಿಟ್ಟ. ಬದುಕಿದ್ದ ಮಗಳಿಗೆ! ಅವನೂ ಹೋದ ಮೇಲೆ ಮೊಳಕಾಲ್ಮೂರಿನ ಮಗ್ಗ ಬಿಚ್ಚಿಟ್ಟು, ಅವ್ವನನ್ನು ಕರೆದುಕೊಂಡು ಚಳ್ಳಕೆರೆಗೆ ಬಂದು, ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟೆ. ನೀನು ಮುಂಬಯಿಯಲ್ಲಿ ಸಿನಿಮಾ ತಾರೆಯಾದದ್ದು ನಮಗೆ ಗೊತ್ತಾದದ್ದು ಊರವರ ಬಾಯಿಂದ. ನಿನ್ನಿಂದಾಗಿ ನನಗೆ ಎರಡು ಸಂಬಂಧ ತಪ್ಪಿದವು. ಇದು ನೆಪವಲ್ಲ — ಆಗ ನನ್ನ ತಲೆಯಲ್ಲಿದ್ದದ್ದನ್ನು ಹೇಳುತ್ತಿದ್ದೇನೆ.

ಮೂರನೆಯದು ರಾಂಪುರದ್ದು. ಹೆಣ್ಣಿನ ತಂದೆ ಒಂದೇ ಮಾತು ಕೇಳಿದ್ದ: "ಆಕೆ ಸುದ್ದಿ ನಿಮ್ಮನೇಲಿ ಮುಗ್ದಂಗೇ ತಾನೇ?"

"ಮುಗ್ದೈತ್ರಿ" ಅಂದೆ.

ಅದಾಗಿ ವಾರಕ್ಕೆ ಅಂಚೆಯಲ್ಲಿ ನಿನ್ನ ಪಟ ಬಂತು. ಕೆಳಗೆ ಫೋಟೋ ತೆಗೆದವರ ಸಹಿ, ಪಕ್ಕದಲ್ಲಿ ಇಪ್ಪತ್ತೈದರಲ್ಲಿ ಏಳು ಎಂಬ ಅಂಕಿ. ಹಿಂದೆ ತಿರುಗಿಸಿದರೆ ಪೆನ್ಸಿಲಿನಲ್ಲಿ ನಿನ್ನ ಅಕ್ಷರ: 'ಅವ್ವಾ, ಇಂಥವು ಇಪ್ಪತ್ತೈದೇ ಮಾಡಿರೋದು, ಒಂದು ನಿನಗೆ. ಯುಗಾದಿಗೆ ಮುಂಚೆ ನಾಲ್ಕು ದಿನ ಬಳ್ಳಾರಿ ಸ್ಟೇಷನ್ ಹತ್ತಿರದ ಛತ್ರದಲ್ಲಿ ಇರ್ತೀನಿ. ಒಂದು ಸಲ ಬಾ. ನೀನು ಬರದಿದ್ರೆ ಮತ್ತೆ ಕರೆಯಲ್ಲ.'

ಬಳ್ಳಾರಿಯ ಬಸ್ಸು ರಾಂಪುರದಲ್ಲಿ ನಿಂತೇ ಹೋಗಬೇಕು. ಬೀಗರ ಮನೆಯ ಮುಂದೆಯೇ ಅವ್ವ ಹೋದರೆ — ಎಲ್ಲಿಗೆ, ಯಾಕೆ ಎಂದು ಕೇಳದೆ ಬಿಡುತ್ತಾರೆಯೇ? ಕೇಳಿದರೆ ಅವಳು ಸುಳ್ಳು ಹೇಳುವವಳೂ ಅಲ್ಲ.

ಅಂಥ ಪಟಕ್ಕೆ, ಮುಂದೆ ಬಿಡಿಸಲು ಬರುವಂತೆ, ನಾಲ್ಕು ಮೂಲೆಗಷ್ಟೇ ಅಂಟು ಮುಟ್ಟಿಸಬೇಕು. ನಮ್ಮ ಕಸುಬಿನಲ್ಲಿ ಹೊಸಬನಿಗೂ ಅದು ಗೊತ್ತು. ನಾನು ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟನ್ನು ನಿನ್ನ ಅಕ್ಷರದ ಮೇಲೂ ಸೇರಿ ಬೆನ್ನಿಗೆಲ್ಲ ಬಳಿದೆ. ರಟ್ಟಿನ ಮೇಲಿಟ್ಟು, ಬಟ್ಟೆಯಿಂದ ಒತ್ತಿ, ಗುಳ್ಳೆ ಏಳದಂತೆ ಸವರಿದೆ. ಕೆಲಸ ಅಚ್ಚುಕಟ್ಟಾಗಿಯೇ ಆಯಿತು.

ಅವ್ವನಿಗೆ ಓದು ಬಾರದು, ನಿನಗೆ ಗೊತ್ತಲ್ಲ. ಪಟವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನ ಮೇಲೆ ಬೆರಳಾಡಿಸಿದಳು. "ನಮ್ ಮಗ್ಗಕ್ಕೆ ನಾನು ಉಂಕಿ ನೂಲು ಹಾಸಿದ್ ಸೀರೆ ಕಣೋ ಇದು. ಗಿಣಿಹಸ್ರು. ಇದ್ರಾಗೆ ಕಪ್ಪಗೆ ಕಾಣ್ತೈತೆ, ಅಷ್ಟೇ." ಆಮೇಲೆ ಕೇಳಿದಳು, "ಏನಾರ ಬರ್ದವ್ಳೇನಪ್ಪಾ?"

"ಏನೂ ಇಲ್ಲವ್ವ."

"ಏನೂ?"

"ಫೋಟೋದವನ ಸಹಿ ಐತೆ."

ಅವಳು ಪಟವನ್ನು ತೊಡೆಯಿಂದ ಇಳಿಸಿ, "ಮುಖ ಕಳ್ಸಿದ್ಲು, ಮಾತು ಕಳ್ಸಲಿಲ್ಲ" ಅಂದಳು. ಆಮೇಲೆ ಎದ್ದು ಒಲೆ ಹಚ್ಚಲು ಹೋದಳು.

ನೀನು ಛತ್ರದಲ್ಲಿ ಕಾದ ಆ ನಾಲ್ಕು ದಿನ ನಾನು ಮದುವೆಯ ಹಂದರದ ಕಂಬ ನೆಡಿಸುತ್ತಿದ್ದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ಒಂದು ಬಸ್ಸಿನ ದೂರ, ಅಕ್ಕಾ! ಮದುವೆ ಆಯಿತು, ಮಕ್ಕಳಾದರು. ಹೇಳೋಣ ಅನ್ನಿಸಿದಾಗಲೆಲ್ಲ — ಇವತ್ತು ಬೇಡ, ಹಬ್ಬ ಕಳೆಯಲಿ, ಅವಳಿಗೆ ಮೈ ಹುಷಾರಾಗಲಿ... ಹೀಗೆಯೇ ಹೋಯಿತು. ಹೇಡಿಗೆ ದಿನಕ್ಕೊಂದು ಪಂಚಾಂಗ.

ಕೊನೆಯ ವಾರ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ನನ್ನ ಕೈ ಹಿಡಿದು ಹೇಳಿದಳು: "ಒಂದು ಸಲ ಕರ್ದಿದ್ರೆ ಹೋಗ್ತಿದ್ನಪ್ಪ. ನಡ್ಕಂಡಾದ್ರೂ ಹೋಗ್ತಿದ್ದೆ."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳಿಗೆ ಮೈಮೇಲೆ ಪೂರ್ತಿ ಎಚ್ಚರವಿತ್ತು, ಹೇಳಿದ್ದರೆ ಅರ್ಥವಾಗುತ್ತಿತ್ತು. ನಾನು ಇನ್ನೊಂದು ಗುಟುಕು ಗಂಜಿ ಕುಡಿಸಿ, ಅವಳ ಬಾಯಿ ಒರೆಸಿದೆ.