ಬೆಂಕಿರೆಕ್ಕೆಯ ರಾಣಿಯ ಬೆನ್ನು

ವರದಾ ಮರಾಠಿ ಸೀಮೆಯ ಚಿಂಚವಾಡದ ಶಾಲೆಯೊಂದರಲ್ಲಿ ಹುಡುಗಿಯರಿಗೆ ಹಗ್ಗದ ಮಲ್ಲಕಂಬ, ಅಂದರೆ ತೂಗುಹಗ್ಗದ ಮೇಲಿನ ಕಸರತ್ತು, ಕಲಿಸುತ್ತಾಳೆ. ಅವಳ ಅಪ್ಪ ಮಲಕಪ್ಪ ಇಂಡಿ ಕಡೆಯಿಂದ ಬಂದು ಪಕ್ಕದ ಪಿಂಪ್ರಿಯ ಕಾರಖಾನೆಯಲ್ಲಿ ಗುಮಾಸ್ತನಾಗಿದ್ದವನು. ಚಿಕ್ಕಂದಿನಲ್ಲಿ ಹಿಡಿದ ಹಗ್ಗವನ್ನು ಮಗಳು ನಲವತ್ತರ ಹತ್ತಿರ ಬಂದರೂ ಬಿಟ್ಟಿಲ್ಲ.

ಹೋದ ವರ್ಷ ಸಿನಿಮಾದವರು ಅವಳನ್ನು ಹುಡುಕಿಕೊಂಡು ಬಂದರು. ಕಾಮಿಕ್ಸ್‌ನಿಂದ ಎತ್ತಿದ ಕಥೆ: ಬೆಂಕಿಯ ರೆಕ್ಕೆಯ ರಾಣಿ, ಅವಳನ್ನು ಅಟ್ಟಿಸಿಕೊಂಡು ಬರುವ ದೈತ್ಯ ಸರ್ಪ, ಮಾತುಮಾತಿಗೆ ಕುಸಿಯುವ ಅರಮನೆ. ನಾಯಕಿಯ ಬದಲಿಗೆ ಸೊಂಟಕ್ಕೆ ತಂತಿ ಕಟ್ಟಿಕೊಂಡು ಹಾರುವವರು ಬೇಕಾಗಿತ್ತು. ವರದಾ ಒಪ್ಪಿದಳು. ಊರ ಹೊರಗಿನ ದೊಡ್ಡ ಶೆಡ್ಡಿನಲ್ಲಿ ಹಸಿರು ಪರದೆ ಕಟ್ಟಿ ಚಿತ್ರೀಕರಣ ಶುರುವಾಯಿತು.

"ರಾಣಿಗೆ ಸರ್ಪದ ಮೇಲೆ ಇಷ್ಟು ಸಿಟ್ಟೇಕೆ?" ಎಂದು ನಿರ್ದೇಶಕನನ್ನು ಮರಾಠಿಯಲ್ಲಿ ಕೇಳಿದಳು.

"ಅದನ್ನ ಯಾರೂ ಕೇಳೋದಿಲ್ಲ ತಾಯಿ, ನೀವು ಹಾರಿ ಸಾಕು," ಎಂದು ಅವನು ನಕ್ಕ.

ಸರ್ಪದ ಕಾಳಗದ ದಿನ ತಂತಿಯ ರಾಟೆ ನಡುವೆಯೇ ಸಿಕ್ಕಿಕೊಂಡಿತು. ವರದಾ ಛಾವಣಿಯ ಹತ್ತಿರ ತಲೆಕೆಳಗಾಗಿ ತೂಗಾಡಿದಳು. ಗಾಳಿಯಂತ್ರದ ಸದ್ದಿನಲ್ಲಿ ಕೆಳಗಿನವರ ಕೂಗು ಕೇಳಿಸಲಿಲ್ಲ. ಪಕ್ಕದಲ್ಲಿ ಅರಮನೆಯ ಗಂಟೆಗೆಂದು ಇಳಿಬಿಟ್ಟ ದಪ್ಪ ಹಗ್ಗವಿತ್ತು. ಮೈಯನ್ನು ಜೀಕಿ ಅದನ್ನು ಹಿಡಿದಳು. ಹಗ್ಗವನ್ನು ಜಗ್ಗಿ ನೋಡಿ, ತೊಡೆಗೂ ಕಾಲ್ಬೆರಳಿಗೂ ಸುತ್ತಿಕೊಂಡು, ಸೊಂಟದ ಕೊಕ್ಕೆ ಬಿಚ್ಚಿದಳು. ಆಮೇಲೆ ಎರಡೂ ಕೈ ಚಾಚಿ ತಲೆ ಕೆಳಗಾಗಿಯೇ ಸರ್ರನೆ ಇಳಿದು, ನೆಲಕ್ಕೆ ಗೇಣುದ್ದ ಇರುವಾಗ ನಿಂತಳು. ಕ್ಯಾಮೆರಾ ಓಡುತ್ತಲೇ ಇತ್ತು.

ನೀರು ಕುಡಿದು ಲೋಟ ಕೆಳಗಿಟ್ಟಳು. "ರಾಟೆ ಬದಲಿಸೋ ತನಕ ನಾನು ಮೇಲೆ ಹೋಗೋದಿಲ್ಲ," ಅಂದಳು. ಬದಲಿಸಿದರು.

ಸಿನಿಮಾ ಬಂದಾಗ ಮನೆಮಂದಿಯೆಲ್ಲ ಹೋದರು. ಪತ್ರಿಕೆಯೊಂದು 'ಕಣ್ಣಿಗೆ ಹಬ್ಬ, ತಲೆಗೆ ಉಪವಾಸ' ಎಂದು ಬರೆದಿತ್ತು. ಅರ್ಧ ಆಗುವಷ್ಟರಲ್ಲಿ ತಮ್ಮ ಮಾಂತು ಪಿಸುಗುಟ್ಟಿದ: "ಅಕ್ಕಾ, ಇದರಾಗ ಕಥಿ ಎಲ್ಲಿ ಅದ?"

"ಕಥಿ ಇಲ್ಲೋ. ಸುಮ್ನ ನೋಡು."

ಅಷ್ಟರಲ್ಲಿ ಅದೇ ಇಳಿತ ಪರದೆಯ ಮೇಲೆ ಬಂತು, ಈಗ ಸುತ್ತಲೂ ಕಂಪ್ಯೂಟರಿನಲ್ಲಿ ಹಚ್ಚಿದ ಬೆಂಕಿ. ಥಿಯೇಟರು ಒಂದು ಕ್ಷಣ ಸ್ತಬ್ಧವಾಗಿ, ಆಮೇಲೆ ಸಿಳ್ಳೆಯೋ ಸಿಳ್ಳೆ. ಅವ್ವ ಶಿವಬಸವ್ವ ಎದ್ದೇ ನಿಂತಳು. "ಆ ಬೆನ್ನು ನನ್ನ ಮಗಳದರೀ!"

"ಕೂಡು, ಹಿಂದಿನವರಿಗೆ ಕಾಣವಲ್ದು," ಎಂದು ಮಲಕಪ್ಪ ಸೆರಗು ಜಗ್ಗಿದ. ಅವನ ಕಣ್ಣೂ ಒದ್ದೆಯಾಗಿತ್ತು. ವರದಾ ಮಾತ್ರ ಪರದೆಯಲ್ಲಿ ತನ್ನ ಎಡ ಮೊಣಕಾಲು ನೆಟ್ಟಗಿರದೆ ತುಸು ಮಡಚಿದ್ದನ್ನು ಗಮನಿಸುತ್ತಿದ್ದಳು.

ಹೊರಗೆ ಬಂದಾಗ ಮಾಂತು ಕೇಳಿದ: "ನಿನ್ನ ಮುಖನ ತೋರಿಸಲಿಲ್ಲ. ಬ್ಯಾಸರ ಆಗಲಿಲ್ಲೇನು?"

"ಮುಖ ಆ ನಾಯಕಿದು ಇರಲಿ ಬಿಡೋ. ಇಳಿದಾಕಿ ನಾನು. ಅಷ್ಟು ಮಂದಿ ಉಸಿರು ಹಿಡಿದಿದ್ದು ನೋಡಿದಿಲ್ಲೋ?"

ಆ ಚಿತ್ರ ನೋಡಿ, ಇಳಿದವಳು ಯಾರೆಂದು ವಿಚಾರಿಸಿಕೊಂಡು, ಬ್ಯಾಂಕಿನಲ್ಲಿ ಕೆಲಸ ಮಾಡುವ ನೀತಾ ಎಂಬ ನಡುವಯಸ್ಸಿನ ಹೆಂಗಸು ತಾನೂ ಹಾಗೆ ಇಳಿಯಬೇಕೆಂದು ಶಾಲೆಗೆ ಬಂದಳು. ಮೊದಲು ಏರುವುದನ್ನು ಕಲಿಯಿರಿ ಎಂದಳು ವರದಾ. ನೀತಾ ಈಗ ಅರ್ಧ ಹಗ್ಗದವರೆಗೆ ಏರುತ್ತಾಳೆ. ಚಿತ್ರದ ಎರಡನೆಯ ಭಾಗಕ್ಕೂ ಕರೆ ಬಂದಿದೆ. ರಾಟೆಯನ್ನು ತಾನೇ ಪರೀಕ್ಷಿಸುವುದಾದರೆ ಮಾತ್ರ ಬರುತ್ತೇನೆಂದು ವರದಾ ಹೇಳಿ ಕಳಿಸಿದ್ದಾಳೆ.