ಆರು ಗೇಣು ಕನ್ನಡ, ನಾಲ್ಕು ಗೇಣು ಮುನ್ನಾನದು

ಹೊಳೆನರಸೀಪುರದಲ್ಲಿ ಸೂರ್ಯ ಹುಟ್ಟುವುದೇ ದ್ಯಾವಯ್ಯ ಮೂಡಲಿಗೆ ಕೆಂಪು ಬಳಿದ ಮೇಲೆ. ಹಾಸನದಿಂದ ಅರಕಲಗೂಡಿನವರೆಗೆ ಅವರ ಕುಂಚ ಮುಟ್ಟದ ಬೋರ್ಡೇ ಇಲ್ಲ. ಹಾಲಿನ ಡೇರಿ ಗೋಡೆಯ ಮೇಲೆ ಅವರು ಬರೆದ ಹಸುವಿನ ಹಾಲು ಕರೆಯಲು ದುದ್ದದ ಹೆಂಗಸೊಬ್ಬರು ಚೊಂಬು ಹಿಡಿದು ಕೂತಿದ್ದರು.

ಈಗ ಬೆಳಗಿನ ಐದೂವರೆ. ಅರವತ್ತನಾಲ್ಕರ ದ್ಯಾವಯ್ಯ ಬಸ್‌ಸ್ಟ್ಯಾಂಡ್ ಪಕ್ಕದ ಕ್ಷೌರದಂಗಡಿಯ ಮುಂದೆ ಏಣಿ ಏರಿದ್ದಾರೆ. ಅಂಗಡಿ ಬಿಹಾರದ ಮುನ್ನಾನದು, ಬೋರ್ಡಿನ ತುಂಬ ಹಿಂದಿ. ಹತ್ತಕ್ಕೆ ಆರು ಪಾಲು ಕನ್ನಡವಿರಬೇಕೆಂಬುದು ನಿಯಮ. ಎಂಟು ಗಂಟೆಯೊಳಗೆ ಬದಲಾಗದಿದ್ದರೆ ಮಸಿ ಬಳಿಯುತ್ತೇವೆಂದು ಊರ ಹುಡುಗರು ನಿನ್ನೆ ಹೇಳಿ ಹೋಗಿದ್ದಾರೆ.

“ಬೇಡ ಚಾಚಾ, ಅಂಗಡಿ ಮುಚ್ಚಿ ಊರಿಗೆ ಹೋಗ್ತೀನಿ,” ಹನ್ನೊಂದು ವರ್ಷದಿಂದ ಇಲ್ಲೇ ಇರುವ ಮುನ್ನಾ ಕೆಳಗಿನಿಂದ ಗೋಗರೆಯುತ್ತಾನೆ.

“ಓಗಲಾ, ಓಗು! ಭಾನ್ವಾರ ನನ್ ಗಡ್ಡ ನಿಮ್ಮಪ್ಪ ಬಂದು ಕೆರೀತಾನಾ? ಸುಮ್ಕೆ ಏಣಿ ಇಡ್ಕೊ.”

ದ್ಯಾವಯ್ಯ ಅಳತೆಪಟ್ಟಿ ಮುಟ್ಟುವವರಲ್ಲ. ಗೇಣು ಹಾಕುತ್ತಾರೆ: ಆರು ಗೇಣು ಕನ್ನಡಕ್ಕೆ, ನಾಲ್ಕು ಮುನ್ನಾನ ಭಾಷೆಗೆ. ಸುಣ್ಣ ಸವರಿದ ನೂಲು ಎಳೆದು ಚಟ್ಟನೆ ಬಿಟ್ಟರೆ ಗೆರೆ. ಆ ಗೆರೆ ನೋಡಿಯೇ ಹೇಮಾವತಿ ನೆಟ್ಟಗೆ ಹರಿಯಲು ಕಲಿತದ್ದು. ಅವರಿಗೆ ಹಿಂದಿ ಓದಲು ಬಾರದು. ಮುನ್ನಾ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ರಂಗೋಲಿ ನೋಡಿ ಇಡುವಂತೆ ಇಡುತ್ತಾರೆ.

ಕುಂಚ ಹಿಡಿದು ನಲವತ್ತೈದು ವರ್ಷ. ದಿನಕ್ಕೆ ಮೂರು ಬೋರ್ಡು ಬರೆಯುತ್ತಿದ್ದವರಿಗೆ ಫ್ಲೆಕ್ಸ್ ಬಂದ ಮೇಲೆ ತಿಂಗಳಿಗೆ ಮೂರೂ ಸಿಗಲಿಲ್ಲ. ಹೆಂಡತಿ ಪುಟ್ಟತಾಯಮ್ಮ ಹೂ ಕಟ್ಟಿ ಮನೆ ನಡೆಸಿದರು. ಕನ್ನಡ ಕಡ್ಡಾಯವಾದ ಮೇಲೆ ಮತ್ತೆ ಕೈತುಂಬ ಕೆಲಸ.

“ಆ ರೂಲ್ಸಿಂದ್ಲೇ ನಮ್ಮನೆ ಒಲೆ ಅತ್ಕೊಂಡಿದ್ದು ಸಾ. ಅದೇ ರೂಲ್ಸು ಇನ್ನೊಬ್ಬನ ಒಲೆಗೆ ನೀರುಯ್ಯಬಾರ್ದು,” ಎನ್ನುತ್ತಾರೆ ದ್ಯಾವಯ್ಯ, ಇದನ್ನೆಲ್ಲ ಬರೆದುಕೊಳ್ಳುತ್ತಿರುವ ನನಗೆ.

ಎಂಟಕ್ಕೆ ಹತ್ತು ನಿಮಿಷವಿರುವಾಗ ಆ ಹುಡುಗರ ಮುಂದಾಳು ಮಂಜೇಶ ಮುನ್ನೂರು ಜನರ ದಂಡು ಕಟ್ಟಿಕೊಂಡು, ಕಪ್ಪು ಬಣ್ಣದ ಡಬ್ಬ ಹಿಡಿದು ಬರುತ್ತಾನೆ.

“ಕೆಳುಗ್ಲು ಸಾಲು ಇನ್ನೂ ಹಿಂದೀಲೇ ಅದಲ್ಲ, ದ್ಯಾವಣ್ಣ?”

“ನಾಕೇ ಗೇಣು ಕಣ್ಲಾ. ನಿಮ್ಮಪ್ಪನ ಅಂಗ್ಡಿ ಬೋರ್ಡಿಗೂ ಇದೇ ಕೈಲೇ ಗೇಣಾಕಿದ್ದು. ಅನುಮಾನ ಇದ್ರೆ ಬಾ, ನೀನೇ ಅಳಿ.”

ಮಂಜೇಶ ದ್ಯಾವಯ್ಯನವರ ಪಕ್ಕಕ್ಕೇ ಏಣಿ ಹತ್ತಿ ಅಳೆಯುತ್ತಾನೆ. ನಾಲ್ಕೇ. ಇಳಿಯಲು ನಾಚಿಕೆ, ಡಬ್ಬ ಕೈಯಲ್ಲೇ ಇದೆ.

“ತಂದಿದ್ದು ತಂದಿದ್ದೀಯ, ಬಣ್ಣ ಯಾಕ್ಲಾ ಒಣಗುಸ್ತೀಯ? ಇಡ್ಕೊ ಇಲ್ಲೇ,” ಎಂದು ದ್ಯಾವಯ್ಯ ಅದರಲ್ಲೇ ಕುಂಚ ಅದ್ದುತ್ತಾರೆ. ಮಸಿಯಾಗಬೇಕಿದ್ದ ಕಪ್ಪು ಎರಡೂ ಸಾಲಿನ ಅಕ್ಷರಗಳಿಗೆ ನೆರಳಾಗುತ್ತದೆ.

ಇಷ್ಟನ್ನು ಬರೆದು ದ್ಯಾವಯ್ಯನವರಿಗೇ ಓದಿ ಹೇಳಿದರೆ ಅವರು ಹೊಟ್ಟೆ ಹಿಡಿದು ನಗುತ್ತಾರೆ. “ಮುನ್ನೂರು ಜನ ಯಾವಾಗ್ ಬಂದ್ರು ಸಾ? ಮೂರೇ ಜನ!”

ಒಪ್ಪಿಕೊಳ್ಳಬೇಕು, ಮೂರೇ ಜನ. ಚೊಂಬಿನ ಕಥೆಯೂ ಸುಳ್ಳು. ಹೊಳೆ ಇಂದಿಗೂ ಡೊಂಕಾಗಿಯೇ ಹರಿಯುತ್ತಿದೆ.

“ಇನ್ನೊಂದ್ ಬುಟ್ಬುಟ್ಟಿದ್ದೀರಿ. ಏಣಿ ಅಲ್ಲಾಡ್ತಿತ್ತು. ಮುನ್ನಾ ನಡುಗ್ತಾವ್ನೆ ಅನ್ಕೊಂಡೆ, ನೋಡುದ್ರೆ ನನ್ ಕಾಲೇ! ಅದ್ನೂ ಬರೀರಿ. ಆದ್ರೂ ಗೆರೆ ಡೊಂಕಾಗ್ಲಿಲ್ಲ ಅಂತ್ಲೂ ಬರೀರಿ.”

ಬೋರ್ಡಿನ ಗೆರೆಗೆ ನಾನೇ ನೂಲು ಹಿಡಿದು ನೋಡಿದ್ದಾಯಿತು. ಅದೊಂದು ಮಾತ್ರ ಅಪ್ಪಟ ನಿಜ.