ಉಸಿರು ಬಿಡಪ್ಪಾ, ಮಗು ಬೀಳಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ವಾರ್ಡಿನ ಹಿಂಬದಿಯ ನಲ್ಲಿಯ ಹತ್ತಿರ ಮೂವರು ಗಂಡಸರು ಅಂಗಿ ಕಳಚಿ, ನಡುಗುತ್ತಾ, ಸಾಲಾಗಿ ನಿಂತಿದ್ದಾರೆ. ಅವರ ಎದುರು ಅಗಲ ಭುಜದ, ಸ್ವಲ್ಪ ಬಾಗಿದ ಬೆನ್ನಿನ ಒಬ್ಬ ಹಿರಿಯರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಸೋಪು. ಒಬ್ಬೊಬ್ಬರ ಉಗುರನ್ನೂ ತಿರುಗಿಸಿ ನೋಡುತ್ತಾರೆ. ಎರಡನೆಯವನ ಬಳಿ ಬಂದಾಗ ಅವರ ಮೂಗು ಅರಳುತ್ತದೆ.

“ಸೇದಿದ್ಯಾ?”

“ಒಂದೇ ಒಂದು ಮಾವ, ನಿನ್ನೆ ಸಂಜೆ.”

“ನಿನ್ನೆ ಸಂಜೆಯ ಹೊಗೆ ಇವತ್ತು ಬೆಳಿಗ್ಗೆ ನನ್ನ ಮೂಗಿಗೆ ಹೇಗೆ ಬಂತಪ್ಪಾ? ನಡ್ಕೊಂಡು ಬಂತಾ? ಹೋಗು, ಬಾಯಿ ತೊಳಿ, ಎದೆ ಇನ್ನೊಂದ್ಸಲ ತೊಳಿ. ನಿನ್ನ ಸರದಿ ಕೊನೇದು.”

ಉಳಿದಿಬ್ಬರು ನಗುತ್ತಾರೆ. ಎರಡನೆಯವನು ನಲ್ಲಿಗೆ ಹೋಗುತ್ತಾನೆ.

ಸುತ್ತಲಿನ ಹಳ್ಳಿಗಳಿಗೆಲ್ಲ ಇದೊಂದೇ ಆಸ್ಪತ್ರೆ. ಇಲ್ಲಿ ಅವರಿಗೆ ಸಂಬಳ ಬರುವುದು ಹಾಸಿಗೆ ಬಟ್ಟೆಯ ಕೆಲಸಕ್ಕೆ. ಕೊಳೆಯಾದ ಶೀಟುಗಳನ್ನು ಒಟ್ಟು ಮಾಡುವುದು, ಕುದಿಸಿ ಒಗೆಯುವುದು, ಒಣಗಿಸಿ ಮಡಚಿ ಮತ್ತೆ ಹಾಸುವುದು. ಇದಕ್ಕೂ ಮುಂಚೆ, ಬೆಳಗಿನ ಹೊತ್ತು ಮಾಡುವ ಕೆಲಸವನ್ನು ಅವರಿಗೆ ಯಾರೂ ವಹಿಸಿದ್ದಲ್ಲ. ತೂಕ ಕಡಿಮೆ ಇರುವ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಅಪ್ಪಂದಿರ ಬರಿಯ ಎದೆಗೆ ಕಟ್ಟಿಸುವುದು ಆ ಕೆಲಸ. ಹೊಸದಾಗಿ ಬಂದ ಗಂಡಸಿಗೆ ಅವರು ಆಡುವ ಮೊದಲ ಮಾತು “ಅಂಗಿ ಗುಂಡಿ ಬಿಚ್ಚು”. ಹಾಗಾಗಿ ಆಸ್ಪತ್ರೆಗೆಲ್ಲ ಅವರು ಗುಂಡಿ ಮಾವ.

ಇಂಥ ಕೂಸುಗಳ ದೊಡ್ಡ ಶತ್ರು ಚಳಿ. ಮೈಯಲ್ಲಿ ಕೊಬ್ಬಿಲ್ಲದೆ ತಮ್ಮ ಬಿಸಿಯನ್ನು ತಾವೇ ಕಾಯ್ದುಕೊಳ್ಳಲಾರವು. ಚರ್ಮಕ್ಕೆ ಚರ್ಮ ತಾಗಿಸಿ ಎದೆಯ ಮೇಲಿಟ್ಟುಕೊಂಡರೆ ಆ ಬಿಸಿ ಸಿಗುತ್ತದೆ. ಈ ಕೆಲಸ ಮೊದಲಿಗೆ ತಾಯಿಯದು. ಆದರೆ ತಾಯಿಗೆ ಆಪರೇಷನ್ ಆಗಿದ್ದರೆ, ಜ್ವರವಿದ್ದರೆ, ಅಥವಾ ಆಕೆ ಸುಮ್ಮನೆ ಎರಡು ಗಂಟೆ ನಿದ್ದೆ ಮಾಡಬೇಕಿದ್ದರೆ ಕೂಸನ್ನು ಹೊರಲು ಇನ್ನೊಂದು ಎದೆ ಬೇಕು.

ಮೊದಲು ಆ ಎದೆ ಆಸ್ಪತ್ರೆಯ ಗೇಟಿನಾಚೆ ನಿಂತಿರುತ್ತಿತ್ತು. “ಗಂಡಸರು ಬರೋರು, ಚೀಲ ಕೊಡೋರು, ಗಂಡೋ ಹೆಣ್ಣೋ ಅಂತ ಕೇಳೋರು, ಹೋಗೋರು. ಅವರನ್ನ ಒಳಗೆ ಬಿಡಬಾರದು ಅಂತ ನಮ್ಮದೂ ನಿಯಮ ಇತ್ತು” ಎನ್ನುತ್ತಾರೆ ಹಿರಿಯ ನರ್ಸ್.

ಏಳು ವರ್ಷದ ಹಿಂದೆ ಡಾಕ್ಟರಮ್ಮ ಒಬ್ಬ ಅಪ್ಪನನ್ನು ಒಳಗೆ ಕರೆಸಿ ಕೂಸನ್ನು ಎದೆಗೆ ಕಟ್ಟಿಸಿದರು. ಹತ್ತು ನಿಮಿಷವೂ ಆಗಿರಲಿಲ್ಲ, “ನನ್ನ ಕೈಲಾಗಲ್ಲ” ಎಂದು ಅವನು ಕೂಸನ್ನು ವಾಪಸು ಕೊಟ್ಟ. ಅವನ ಹಿಂದೆ ಬಂದ ಇಬ್ಬರದೂ ಅದೇ ಕತೆ. ಗಂಡಸರಿಗೆ ಸಹನೆಯಿಲ್ಲ ಎಂದು ನರ್ಸುಗಳು ತೀರ್ಮಾನಿಸಿದ್ದರು. ನಾಲ್ಕನೆಯವನು ಕುಳಿತಿದ್ದಾಗ ಗುಂಡಿ ಮಾವ ಪಕ್ಕದ ಹಾಸಿಗೆಗೆ ಶೀಟು ಹಾಸುತ್ತಿದ್ದರು.

“ಅವನ ಮುಖ ನೋಡಿದೆ, ಕೆಂಪಗೆ ಊದ್ಕೊಂಡಿದೆ. ಕತ್ತಿನ ನರ ಎದ್ದಿದೆ. ಅರೆ, ಇದು ನಮ್ಮ ಮಂಡಿಯ ಮುಖ ಅಲ್ವಾ ಅನ್ನಿಸ್ತು” ಎಂದು ಅವರು ನೆನಪಿಸಿಕೊಳ್ಳುತ್ತಾರೆ.

ಆಸ್ಪತ್ರೆಗೆ ಬರುವ ಮುಂಚೆ ಹದಿನೆಂಟು ವರ್ಷ ಅವರು ಧಾನ್ಯದ ಮಂಡಿಯಲ್ಲಿ ಹಮಾಲಿ. ಮೂಟೆ ಎತ್ತುವಾಗ ಹಮಾಲಿ ಉಸಿರು ಬಿಗಿಹಿಡಿಯುತ್ತಾನೆ, ಇಳಿಸಿದ ಮೇಲೆ ಬಿಡುತ್ತಾನೆ. ಈ ಭಾಗದ ಗಂಡಸರೆಲ್ಲ ಕಲ್ಲೋ ಮರವೋ ಮಣ್ಣೋ, ಏನಾದರೊಂದು ಹೊರುವವರೇ. ಅಂಗೈಯಗಲದ ಕೂಸನ್ನೂ ಅವರ ಮೈ ಹೊರೆಯೆಂದೇ ತಿಳಿಯುತ್ತಿತ್ತು. ಎಲ್ಲಿ ಅಲುಗಾಡಿ ಬಿದ್ದೀತೋ ಎಂದು ಉಸಿರು ಕಟ್ಟಿ ಕೂರುತ್ತಿದ್ದರು. ಉಸಿರು ಕಟ್ಟಿದರೆ ಮೈ ಸೆಟೆಯುತ್ತದೆ, ತೋಳು ನೋಯುತ್ತದೆ, ತಲೆ ಸುತ್ತುತ್ತದೆ. ಓಡಿಹೋದವರಲ್ಲಿ ಇಲ್ಲದಿದ್ದದ್ದು ಸಹನೆಯಲ್ಲ, ಗಾಳಿ.

“ಬೆನ್ನ ಮೇಲೆ ಕೈಯಿಟ್ಟು, ಉಸಿರು ಬಿಡಪ್ಪಾ, ಮಗು ಬೀಳಲ್ಲ, ಗಂಟು ಹಾಕಿದೆ ಅಂದೆ. ಬುಸ್ ಅಂತ ಬಿಟ್ಟ ನೋಡಿ, ಸೈಕಲ್ ಟ್ಯೂಬು! ಆಮೇಲೆ ಎರಡು ಗಂಟೆ ಕೂತ.”

ಅಲ್ಲಿಂದ ಡಾಕ್ಟರಮ್ಮ ಹೊಸ ಅಪ್ಪ ಬಂದಾಗಲೆಲ್ಲ ಬಟ್ಟೆ ಒಗೆಯುವ ಜಾಗಕ್ಕೆ ಹೇಳಿ ಕಳಿಸತೊಡಗಿದರು. ಎಲ್ಲರಿಗೂ ಅದು ಹಿಡಿಸಲಿಲ್ಲ. ಹೆರಿಗೆ ವಾರ್ಡಿನಲ್ಲಿ ಮೈ ಬಿಟ್ಟ ಗಂಡಸರೇ ಎಂದು ಬಾಣಂತಿಯರ ಕಡೆಯವರು ಜಗಳ ತೆಗೆದರು. ಒಬ್ಬಾಕೆಯ ಅಣ್ಣ ಗುಂಡಿ ಮಾವನ ಕುತ್ತಿಗೆಪಟ್ಟಿಗೇ ಕೈಹಾಕಿದ. ಅವರು ವಾದಕ್ಕೆ ಹೋಗಲಿಲ್ಲ. ಹಿಂಬದಿಯ ಹಜಾರಕ್ಕೆ ದಪ್ಪ ಪರದೆ ಕಟ್ಟಿದರು. ಹೆಂಗಸರ ಹಾಸಿಗೆಗಳನ್ನು ದಾಟದೆ ಹಿಂದಿನ ಬಾಗಿಲಿನಿಂದಲೇ ಬಂದು ಹೋಗುವ ಹಾಗೆ ಮಾಡಿದರು. ಗುಜರಿಗೆ ಬಿದ್ದ ಬಸ್ಸಿನ ಮೂರು ಸೀಟು ತಂದು, ಹಿಂದಕ್ಕೆ ಒರಗುವಂತೆ ಬಡಗಿಯಿಂದ ಕಾಲು ಹೊಡೆಸಿದರು. ಕೂಸನ್ನು ಕಟ್ಟುವ ಪಟ್ಟಿಗಳನ್ನು ಸವೆದ ಶೀಟುಗಳಿಂದ ಅವರ ಹೆಂಡತಿಯೇ ಹೊಲಿಯುತ್ತಾರೆ.

“ಮನೇಲಿ ಹರಿದ ಚೀಲಕ್ಕೆ ಒಂದು ಗಂಟು ಹಾಕ್ರೀ ಅಂದ್ರೆ ಇವರಿಗೆ ಕೈ ಬರಲ್ಲ. ಅಲ್ಲಿ ಊರ ಗಂಡಸರಿಗೆಲ್ಲ ಗಂಟಿನ ಪಾಠ!” ಎಂದು ಆಕೆ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳುತ್ತಾರೆ. ಪಟ್ಟಿಯ ಅಂಚನ್ನು ಮಾತ್ರ ಕೂಸಿನ ಚರ್ಮಕ್ಕೆ ಒತ್ತದ ಹಾಗೆ ಎರಡು ಸಲ ಮಡಚಿ ಹೊಲಿದಿದ್ದಾರೆ.

ದಿನಕ್ಕೆ ಮೂರೋ ನಾಲ್ಕೋ ಅಪ್ಪಂದಿರು ಇರುತ್ತಾರೆ. ಇಲ್ಲಿಯವರೆಗೆ ಐನೂರಕ್ಕೂ ಮಿಕ್ಕಿ ಬಂದಿರಬಹುದು ಎಂಬುದು ನರ್ಸ್ ಅಂದಾಜು. ಗುಂಡಿ ಮಾವ ಲೆಕ್ಕ ಇಟ್ಟಿಲ್ಲ. “ಶೀಟಾದ್ರೆ ಎಣಿಸ್ತೀನಿ. ಅದು ಕಳುವಾಗುತ್ತೆ.”

ಇವತ್ತಿನ ಸಾಲಿನಲ್ಲಿ ಮೂರನೆಯವನು ಬಾವಿ ತೋಡುವವನು. ಮೊನ್ನೆ ರಾತ್ರಿ ಅವನಿಗೆ ಹೆಣ್ಣು ಕೂಸು ಹುಟ್ಟಿದೆ, ತೂಕ ಒಂದು ಕಿಲೋ ಆರುನೂರು ಗ್ರಾಂ. ಆಪರೇಷನ್ ಆದ ತಾಯಿಗೆ ಜ್ವರ ಬಂದಿದೆ. ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರ ಒಂದೇ. ಅದರಲ್ಲಿ ಈಗ ಇನ್ನೂ ಸಣ್ಣದೊಂದು ಕೂಸಿದೆ. ಡಾಕ್ಟರಮ್ಮ ಬಾವಿಯವನಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಸಂಜೆಯವರೆಗೆ ಮಗುವಿನ ಮೈ ಬಿಸಿ ನಿಂತು, ಹಾಲು ಕುಡಿದರೆ ಇಲ್ಲೇ ಇರಬಹುದು. ಇಲ್ಲವಾದರೆ ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಪ್ರಯಾಣ ತಡೆಯುವ ಸ್ಥಿತಿಯಲ್ಲಿ ತಾಯಿ ಇಲ್ಲ. ಹೋದರೆ ಕೂಸು ಅಮ್ಮನನ್ನು ಬಿಟ್ಟು ಹೋಗಬೇಕು.

ಕೂಸಿಗೆ ಟೋಪಿ, ಕಾಲುಚೀಲ ಹಾಕಿ ನರ್ಸ್ ಅವನ ಎದೆಯ ನಡುವೆ ನೆಟ್ಟಗೆ ಇಡುತ್ತಾರೆ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸುತ್ತಾರೆ. ಗುಂಡಿ ಮಾವ ಪಟ್ಟಿ ಸುತ್ತಿ ಗಂಟು ಬಿಗಿಯುತ್ತಾರೆ. ಬಾವಿಯವನ ಮುಖ ಆಗಲೇ ಕೆಂಪೇರಿದೆ.

“ಉಸಿರು.”

“ಬಿಡ್ತಾ ಇದೀನಿ ಮಾವ.”

“ಎಲ್ಲಿ ಬಿಟ್ಟೆ? ಬಾವಿಯೊಳಗೆ ಬಿಟ್ಟು ಬಂದ್ಯಾ?”

ಪರದೆಯ ಆಚೆಯಿಂದ ಅವನ ತಾಯಿ, ಕೂಸಿನ ಅಜ್ಜಿ, ಇಣುಕುತ್ತಾರೆ. ಅವರಿಗೆ ಇದ್ಯಾವುದೂ ಒಪ್ಪಿಗೆಯಿಲ್ಲ. “ಗಂಡಸಿನ ಎದೇಲಿ ಏನಿದೆ ಅಂತ ಕಟ್ತೀರಪ್ಪಾ? ನಾನು ಐದು ಹೆತ್ತೆ. ಇವರಪ್ಪ ಒಂದನ್ನೂ ಮುಟ್ಟಲಿಲ್ಲ.”

“ಹಾಲಿಲ್ಲಕ್ಕಾ, ನಿಜ. ಬಿಸಿ ಇದೆಯಲ್ಲ. ಸುಮ್ಮನೆ ವ್ಯರ್ಥ ಆಗ್ತಿತ್ತು” ಎನ್ನುತ್ತಾರೆ ಗುಂಡಿ ಮಾವ. ಅಜ್ಜಿ ಮೂತಿ ತಿರುವುತ್ತಾರೆ. ಆದರೆ ಹೋಗುವುದಿಲ್ಲ.

ಬಿಸಿಲೇರುವಾಗ ಕಿಟಕಿಯ ಹೊರಗೆ ಬಾವಿಯವನ ಜೊತೆಗಾರರು ಬರುತ್ತಾರೆ. ಅರ್ಧ ತೋಡಿದ ಬಾವಿಯ ಬದಿ ಸಡಿಲಾಗಿದೆ, ಇವತ್ತು ಸಿಮೆಂಟಿನ ರಿಂಗ್ ಇಳಿಸದಿದ್ದರೆ ಕುಸಿಯುತ್ತದೆ, ಇವನಿಲ್ಲದೆ ಆಗದು. ಹೇಳಲು ಬಂದದ್ದು ಅದನ್ನು. ಕಂಡದ್ದು ಇದನ್ನು.

“ಏನೋ, ಹಾಲು ಬಂತಾ?” ಎಂದು ಒಬ್ಬ ಕೂಗುತ್ತಾನೆ.

ಬಾವಿಯವನ ಕೈ ಗಂಟಿನ ಕಡೆಗೆ ಹೋಗುತ್ತದೆ. ಗುಂಡಿ ಮಾವ ಕಿಟಕಿಗೆ ಬರುತ್ತಾರೆ. “ನಿನ್ನ ಹೆಂಡ್ತಿಗೆ ಈಗ ಎಷ್ಟು ತಿಂಗಳು?”

“ಏಳು” ಎನ್ನುತ್ತಾನೆ ಅವನು, ನಗು ಅರ್ಧಕ್ಕೆ ನಿಲ್ಲಿಸಿ.

“ತಪಾಸಣೆಗೆ ಜೊತೇಲಿ ಬಂದಿದ್ಯಾ?”

“ನಮ್ಮಮ್ಮ ಕರ್ಕೊಂಡು ಬರ್ತಾರೆ.”

“ಮದುವೆ ಆಗಿದ್ದು ನಿಮ್ಮಮ್ಮನಾ? ಮುಂದಿನ ಸಲ ನೀನು ಬಾ. ಈಗ ಹೋಗಿ ರಿಂಗ್ ಇಳಿಸಿ. ಹೇಗೆ ಇಳಿಸೋದು ಅಂತ ಇವನು ಇಲ್ಲಿಂದಲೇ ಹೇಳ್ತಾನೆ.”

ಬಾವಿಯವನು ಒರಗಿದಲ್ಲಿಂದಲೇ ಹೇಳುತ್ತಾನೆ. ಕೂಸು ಏಳದಿರಲೆಂದು ಮೆಲ್ಲಗೆ ಹೇಳುತ್ತಾನೆ: ಪೂರ್ವದ ಬದಿಗೆ ಹಲಗೆ ಕೊಡಿ, ಹಗ್ಗ ಇಬ್ಬರು ಹಿಡೀರಿ, ಅವಸರ ಬೇಡ. ಜೊತೆಗಾರರು ಕಿಟಕಿಗೆ ಕಿವಿಯಿಟ್ಟು ಕೇಳಿಸಿಕೊಂಡು ಹೋಗುತ್ತಾರೆ. ಮಾತಾಡುತ್ತಾ ಮಾತಾಡುತ್ತಾ ಅವನ ಎದೆ ತಾನಾಗಿ ಏರಿಳಿಯತೊಡಗಿದೆ. ಅದನ್ನು ಅವನು ಗಮನಿಸಿಲ್ಲ. ಗುಂಡಿ ಮಾವ ಗಮನಿಸಿ, ಶೀಟು ಒಗೆಯಲು ಹೊರಡುತ್ತಾರೆ.

ಮಧ್ಯಾಹ್ನ ಅಜ್ಜಿ ತಾವೇ ಪರದೆ ಸರಿಸಿ ಒಳಗೆ ಬರುತ್ತಾರೆ. ಮಗ ಊಟಕ್ಕೆ ಎದ್ದ ಅರ್ಧ ಗಂಟೆ ಕೂಸು ಅಜ್ಜಿಯ ಎದೆಯ ಮೇಲೆ. ಊಟದ ನಂತರ ಅವನು ನೇರ ಹೆಂಡತಿಯ ಬಳಿಗೆ ಹೋಗಬೇಕು. ಅದು ಗುಂಡಿ ಮಾವನ ನಿಯಮ. ಅವಳು ತಿಂದಳಾ, ಮಾತ್ರೆ ನುಂಗಿದಳಾ, ಎಲ್ಲಿ ನೋವಿದೆ ಎಂದು ಕೇಳಿಕೊಂಡು ಬಂದು ಹೇಳಿದರೆ ಮಾತ್ರ ಸೀಟು. “ಮಗು ಚೆನ್ನಾಗಿದ್ರೆ ಸಾಲದು, ಮಗುವಿನ ಅಮ್ಮನೂ ಉಳೀಬೇಕಲ್ಲ” ಎನ್ನುತ್ತಾರೆ ಅವರು. ಬಾವಿಯವನು ಬಂದು ಒಪ್ಪಿಸುತ್ತಾನೆ: ಗಂಜಿ ಕುಡಿದಳು, ಮಾತ್ರೆ ಆಯಿತು, ಹೊಲಿಗೆ ಹತ್ತಿರ ಉರಿ. ಉರಿಯ ವಿಷಯ ಅವಳು ನರ್ಸಿಗೆ ಹೇಳಿರಲಿಲ್ಲ. ನರ್ಸ್ ಹೋಗಿ ನೋಡುತ್ತಾರೆ, ಡಾಕ್ಟರಮ್ಮ ಔಷಧಿ ಬದಲಿಸುತ್ತಾರೆ.

ತಾಯಿ ಹಿಂಡಿ ಕೊಟ್ಟ ಹಾಲನ್ನು ಎರಡೆರಡು ಗಂಟೆಗೆ ಪುಟ್ಟ ಬಟ್ಟಲಿನಲ್ಲಿ ಕುಡಿಸುತ್ತಾರೆ. ಮೊದಲ ಎರಡು ಸಲ ಅರ್ಧ ಹೊರಗೆ ಬಂತು. ಆಮೇಲಿನದು ಬರಲಿಲ್ಲ.

ಸಂಜೆ ಡಾಕ್ಟರಮ್ಮ ಬಂದು ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾರೆ. ಅಷ್ಟು ಹೊತ್ತೂ ಗುಂಡಿ ಮಾವ ಕೈಯಲ್ಲಿದ್ದ ಶೀಟನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಾರೆ.

“ಸರಿಯಾಗಿದೆ. ಇವತ್ತು ಕಳಿಸೋದು ಬೇಡ. ನಾಳೆ ಮತ್ತೆ ನೋಡೋಣ” ಎನ್ನುತ್ತಾರೆ ಡಾಕ್ಟರಮ್ಮ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಮಗನ ಕಡೆ ತಿರುಗುತ್ತಾರೆ. “ನಾಳೆ ಬೆಳಿಗ್ಗೆ ಎದೆ ಸರಿಯಾಗಿ ತೊಳ್ಕೋ. ಇವತ್ತು ಕತ್ತಿನ ಹತ್ರ ಮಣ್ಣಿತ್ತು.”

ಬರುವ ವರ್ಷ ಗುಂಡಿ ಮಾವನಿಗೆ ನಿವೃತ್ತಿ. ಶೀಟಿನ ಕೆಲಸಕ್ಕೆ ಬೇರೆಯವರು ಬರುತ್ತಾರೆ. ಎದೆಯ ಕೆಲಸಕ್ಕೆ ಯಾರು ಎಂದು ಕೇಳಿದರೆ ಅವರು ಬೆನ್ನು ನೀವಿಕೊಳ್ಳುತ್ತಾರೆ. “ಅದಕ್ಕೆ ಒಬ್ಬರನ್ನ ಇಡಬೇಕಾ? ಗೊತ್ತಿರೋರು ಗೊತ್ತಿಲ್ದೋರಿಗೆ ಹೇಳಿದ್ರೆ ಆಯ್ತು. ಇನ್ನೊಂದು ಸೀಟು ಸಿಕ್ಕಿದ್ರೆ ಚೆನ್ನಾಗಿತ್ತು, ಅಷ್ಟೇ. ನಾಲ್ಕನೆಯವನು ನಿಂತೇ ಇರ್ತಾನೆ.”

ಮಾತು ಮುಗಿಯುವ ಮೊದಲೇ ಹಿಂದಿನ ಬಾಗಿಲಲ್ಲಿ ಹೊಸಬನೊಬ್ಬ ಕಾಣಿಸುತ್ತಾನೆ. ದಿನ ತುಂಬದೆ ಮಧ್ಯಾಹ್ನ ಹೆರಿಗೆಯಾದವಳ ಗಂಡ. ಅಂಗಿಯನ್ನು ಕುತ್ತಿಗೆಯವರೆಗೆ ಬಿಗಿದು, ಕೈಯಲ್ಲಿ ಚೀಲ ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಾನೆ. ಗುಂಡಿ ಮಾವ ಎದ್ದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಬಸ್ಸಿನ ಸೀಟಿನಿಂದ ಬಾವಿಯವನ ದನಿ ಬರುತ್ತದೆ. ಕಣ್ಣು ಮುಚ್ಚಿದೆ, ಅಂಗೈ ಕೂಸಿನ ಬೆನ್ನ ಮೇಲಿದೆ.

“ಚೀಲ ಅಲ್ಲಿಡಣ್ಣ. ಗುಂಡಿ ಬಿಚ್ಚಿ ನಲ್ಲಿಗೆ ಹೋಗು. ಆಮೇಲೆ ಬಾ, ಉಸಿರು ಹೇಗೆ ಬಿಡೋದು ಅಂತ ಹೇಳ್ತೀನಿ.”

ಗುಂಡಿ ಮಾವ ತೆರೆದ ಬಾಯಿ ಮುಚ್ಚುತ್ತಾರೆ. ಹೆಗಲ ಮೇಲಿನ ಟವೆಲನ್ನು ಹೊಸಬನ ಕೈಗಿಟ್ಟು, ತಂತಿಯ ಮೇಲೆ ಒಣಗಿದ ಶೀಟುಗಳನ್ನು ತರಲು ಹೋಗುತ್ತಾರೆ.